ಅಪ್ಪ ತೀರಿಕೊಂಡ ಮೇಲೆ ಆರಾಧನೆಯಲ್ಲಿ ಏನೂ ಅನಿಸುತ್ತಿಲ್ಲ, ನನ್ನ ನಂಬಿಕೆ ಕಡಿಮೆಯಾಗಿದೆಯೇ?

ಪ್ರಶ್ನೆ: ನಾನು ಹುಬ್ಬಳ್ಳಿಯವಳು, ವಯಸ್ಸು 36. ಬೆಂಗಳೂರಿನ ಒಂದು ಬ್ಯಾಂಕಿನಲ್ಲಿ ಕೆಲಸ. ಹುಟ್ಟಿನಿಂದ ಕ್ರೈಸ್ತಳು. ಭಾನುವಾರದ ಆರಾಧನೆ ತಪ್ಪಿಸುವುದಿಲ್ಲ, ದಶಮಾಂಶ ಕೊಡುತ್ತೇನೆ, ದಿನಾ ಸತ್ಯವೇದ ಓದುತ್ತೇನೆ. ಹೋದ ವರ್ಷ ಅಪ್ಪ ತೀರಿಕೊಂಡರು. ಆಗ ಊರಿನ ಚರ್ಚ್ ಸಭೆಯವರು ತುಂಬಾ ದಿನ ಮನೆಗೆ ಊಟ ತಂದುಕೊಟ್ಟರು. ಆದರೆ ಅಂದಿನಿಂದ ನನಗೆ ಆರಾಧನೆಯಲ್ಲಿ ಏನೂ ಅನಿಸುತ್ತಿಲ್ಲ. ಸಾಕ್ಷಿ ಹೇಳುವವರೆಲ್ಲ ತಾವು ಸದಾ ಸಂತೋಷವಾಗಿದ್ದೇವೆ ಅನ್ನುತ್ತಾರೆ. ಪ್ರಾರ್ಥನಾ ಕೂಟದ ಹಿರಿಯರೊಬ್ಬರು, ಕ್ರೈಸ್ತರು ಇಷ್ಟು ದಿನ ದುಃಖಪಡಬಾರದು, ನಂಬಿಕೆ ಕಡಿಮೆಯಾದರೆ ಹೀಗಾಗುತ್ತದೆ ಎಂದರು. ಆಫೀಸಿನ ಗೆಳತಿ ಇನ್ನೊಂದು ಪ್ರಶ್ನೆ ಕೇಳಿದಳು: ಕ್ರೈಸ್ತರಾಗದೆಯೂ ಒಳ್ಳೆಯವರಾಗಿ ಬದುಕಬಹುದಲ್ವಾ? ನನಗೆ ಉತ್ತರ ಹೊಳೆಯಲಿಲ್ಲ. ಕ್ರೈಸ್ತ ಬದುಕಿನ ಸಂತೋಷ ಅಂದರೆ ನಿಜವಾಗಿ ಏನು? ಅದಕ್ಕೆ ಏನು ಅರ್ಥ?

ಉತ್ತರ:

ಪ್ರಿಯ ಸಹೋದರಿ,

ಮೊದಲು ಆ ಹಿರಿಯರ ಮಾತಿಗೆ ಬರುತ್ತೇನೆ. ಅದು ತಪ್ಪು. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು, ಆದರೂ ತಪ್ಪು. ಅಪ್ಪನನ್ನು ಕಳೆದುಕೊಂಡ ಮಗಳಿಗೆ ವರ್ಷ ಕಳೆದರೂ ಕಣ್ಣೀರು ಬರುತ್ತದೆ ಅಂದರೆ ಅವಳಿಗೆ ಅಪ್ಪನ ಮೇಲೆ ಅಷ್ಟು ಪ್ರೀತಿ ಇತ್ತು ಎಂದರ್ಥ. ಅದನ್ನು ನಂಬಿಕೆಯ ಲೆಕ್ಕಕ್ಕೆ ಸೇರಿಸಬೇಡಿ.

ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ನಿಮಗೆ ಗೊತ್ತೇ ಇದೆ. ಯೇಸುಸ್ವಾಮಿ ಬೇಥಾನ್ಯ ಎಂಬ ಊರಿಗೆ ಬಂದದ್ದು ಸತ್ತುಹೋಗಿದ್ದ ಗೆಳೆಯ ಲಾಜರನನ್ನು ಎಬ್ಬಿಸುವುದಕ್ಕೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ಅವನು ಸಮಾಧಿಯಿಂದ ಎದ್ದು ಬರುತ್ತಾನೆ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಅವನ ಸಹೋದರಿ ಮರಿಯಳು ಅಳುವುದನ್ನು ನೋಡಿದಾಗ ಅವರು ಅವಳಿಗೆ ಬುದ್ಧಿ ಹೇಳಲಿಲ್ಲ. ತಾವೂ ಅತ್ತರು. ಗೆತ್ಸೇಮನೆ ತೋಟದಲ್ಲಿ ತಮ್ಮ ಪ್ರಾಣ ಸಾಯುವಷ್ಟು ದುಃಖಕ್ಕೆ ಒಳಗಾಗಿದೆ ಎಂದು ಶಿಷ್ಯರ ಮುಂದೆ ಬಾಯಿಬಿಟ್ಟು ಹೇಳಿದರು. ನಮ್ಮ ಸ್ವಾಮಿಗೇ ಇಲ್ಲದ ನಿಯಮ ನಮಗೆ ಎಲ್ಲಿಂದ ಬಂತು?

ಕೀರ್ತನೆಗಳ ಪುಸ್ತಕವನ್ನೇ ನೋಡಿ. 150 ಕೀರ್ತನೆಗಳಲ್ಲಿ ಹೆಚ್ಚು ಕಡಿಮೆ ಮೂರರಲ್ಲೊಂದು ಪಾಲು ಗೋಳಿನ ಹಾಡುಗಳು. ಅವುಗಳಲ್ಲಿ ಬಹಳಷ್ಟು ಕಣ್ಣೀರಿನಿಂದ ಶುರುವಾಗಿ ಕೊನೆಗೆ ಭರವಸೆಗೆ ಬಂದು ನಿಲ್ಲುತ್ತವೆ. 88ನೆಯದು ಹಾಗಲ್ಲ. ಅದು ಕತ್ತಲಲ್ಲಿ ಶುರುವಾಗಿ ಕತ್ತಲಲ್ಲೇ ಮುಗಿಯುತ್ತದೆ. ದೇವಜನರು ಅದನ್ನು ತೆಗೆದು ಹಾಕಲಿಲ್ಲ, ಆರಾಧನೆಯ ಹಾಡುಗಳ ನಡುವೆಯೇ ಉಳಿಸಿಕೊಂಡರು. ಯಾಕೆಂದರೆ ಆ ಕತ್ತಲಲ್ಲೂ ಆ ಮನುಷ್ಯ ಮಾತಾಡುತ್ತಿರುವುದು ದೇವರ ಜೊತೆಗೇ. ನೀವು ಏನೂ ಅನಿಸದಿದ್ದರೂ ಪ್ರತಿ ಭಾನುವಾರ ಹೋಗಿ ಕೂರುತ್ತೀರಿ, ಅಲ್ವಾ? ಅದೂ ಅದೇ ಜಾತಿಯ ಪ್ರಾರ್ಥನೆ. ನನ್ನ ಕಣ್ಣಿಗೆ ಅದು ದೊಡ್ಡ ನಂಬಿಕೆ.

ಈಗ ಸಂತೋಷದ ಮಾತು. ಇದಕ್ಕೆ ಅಪೊಸ್ತಲ ಪೌಲನು ಫಿಲಿಪ್ಪಿ ಎಂಬ ಊರಿನ ಸಭೆಗೆ ಬರೆದ, ಸತ್ಯವೇದದಲ್ಲಿರುವ ಪತ್ರವನ್ನೇ ಹಿಡಿದುಕೊಳ್ಳುತ್ತೇನೆ. ನಾಲ್ಕೇ ಅಧ್ಯಾಯದ ಚಿಕ್ಕ ಪತ್ರ. ಅಷ್ಟರಲ್ಲೇ ಸಂತೋಷದ ಮಾತು 16 ಸಲ ಬರುತ್ತದೆ. ನಮ್ಮ ಮನೆಗಳ ಗೋಡೆಯ ಮೇಲೆ, ಕ್ಯಾಲೆಂಡರಿನಲ್ಲಿ, ಕಾರಿನ ಹಿಂದಿನ ಗಾಜಿನ ಮೇಲೆ ಬರೆಸಿಕೊಳ್ಳುವ ವಾಕ್ಯಗಳಲ್ಲಿ ಎಷ್ಟೋ ಇದೇ ಪತ್ರದವು. ಆದರೆ ಅದನ್ನು ಬರೆದವನು ಕುಳಿತಿದ್ದು ಸೆರೆಮನೆಯಲ್ಲಿ. ಕೈಗೆ ಬೇಡಿ. ವಿಚಾರಣೆ ಮುಗಿದಿಲ್ಲ, ಬಿಡುಗಡೆಯಾಗುತ್ತದೋ ತಲೆ ಹೋಗುತ್ತದೋ ಗೊತ್ತಿಲ್ಲ. ಅಂಥವನಿಗೆ ಸಂತೋಷ ಎಲ್ಲಿಂದ ಬರುತ್ತಿತ್ತು? ಈ ಪ್ರಶ್ನೆಗೆ ಉತ್ತರ ಸಿಕ್ಕರೆ ನಿಮ್ಮ ಪ್ರಶ್ನೆಗೂ ಅರ್ಧ ಉತ್ತರ ಸಿಕ್ಕಂತೆ.

ಫಿಲಿಪ್ಪಿ ಇದ್ದದ್ದು ಮಕೆದೋನ್ಯದಲ್ಲಿ, ಅಂದರೆ ಇವತ್ತಿನ ಗ್ರೀಸ್ ದೇಶದ ಉತ್ತರ ಭಾಗದಲ್ಲಿ. ಅದು ರೋಮಿನವರ ವಸಾಹತು. ನಿವೃತ್ತರಾದ ಸೈನಿಕರಿಗೆ ಜಮೀನು ಕೊಟ್ಟು ನೆಲೆ ಮಾಡಿಸಿದ ಊರು. ಅಲ್ಲಿ ಸಭೆ ಹೇಗೆ ಹುಟ್ಟಿತು ಎನ್ನುವುದು ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯದಲ್ಲಿದೆ. ಮೊದಲು ಸೇರಿದವಳು ಲುದ್ಯ, ಥುವತೈರ ಎಂಬ ಊರಿನವಳು, ಬೆಲೆಬಾಳುವ ಬಟ್ಟೆ ಮಾರುವ ಹೆಂಗಸು. ದೀಕ್ಷಾಸ್ನಾನವಾದ ತಕ್ಷಣ ಅವಳು ಮಾಡಿದ ಮೊದಲ ಕೆಲಸ, ಪೌಲನನ್ನೂ ಅವನ ಜೊತೆಯವರನ್ನೂ ತನ್ನ ಮನೆಗೆ ಬರಲೇಬೇಕೆಂದು ಬಲವಂತ ಮಾಡಿದ್ದು.

ಆಮೇಲೆ ಒಬ್ಬ ದಾಸಿಯ ವಿಷಯದಲ್ಲಿ ಗಲಾಟೆಯಾಯಿತು. ಪೌಲ ಅವಳೊಳಗಿದ್ದ ದುರಾತ್ಮವನ್ನು ಬಿಡಿಸಿದ, ಅವಳಿಂದ ಕಣಿ ಹೇಳಿಸಿ ದುಡ್ಡು ಮಾಡುತ್ತಿದ್ದ ಯಜಮಾನರಿಗೆ ಲಾಭ ತಪ್ಪಿಹೋಯಿತು. ಪೌಲ ಮತ್ತು ಅವನ ಜೊತೆಗಾರ ಸೀಲರಿಗೆ ಚೆನ್ನಾಗಿ ಹೊಡೆಸಿ ಸೆರೆಗೆ ಹಾಕಿಸಿದರು. ಸೆರೆಯ ಯಜಮಾನ ಅವರನ್ನು ಒಳಗಿನ ಕೋಣೆಗೆ ತಳ್ಳಿ ಕಾಲಿಗೆ ಕೋಳ ಹಾಕಿದ. ಮಧ್ಯರಾತ್ರಿ ಅವರು ಹಾಡುತ್ತಿದ್ದರು, ಭೂಕಂಪವಾಯಿತು, ಬಾಗಿಲುಗಳು ತೆರೆದುಕೊಂಡವು. ಇಷ್ಟನ್ನು ಸಂಡೆ ಸ್ಕೂಲಿನ ಮಕ್ಕಳೂ ಹೇಳುತ್ತಾರೆ. ನಾನು ನಿಮ್ಮನ್ನು ನಿಲ್ಲಿಸಬೇಕೆಂದಿರುವುದು ಅದಾದ ಮೇಲೆ ಬರುವ ಎರಡು ವಚನಗಳ ಹತ್ತಿರ. ಕೈದಿಗಳು ಓಡಿಹೋದರೆಂದು ಹೆದರಿ ಆ ಯಜಮಾನ ಕತ್ತಿ ಹಿರಿದು ತನ್ನನ್ನೇ ಕೊಂದುಕೊಳ್ಳಲು ಹೊರಟಿದ್ದ. ಪೌಲ ಕೂಗಿ ತಡೆದ. ಆಗ ಆ ಮನುಷ್ಯ ರಾತ್ರಿಯ ಅದೇ ಗಳಿಗೆಯಲ್ಲಿ ಅವರನ್ನು ಕರೆದುಕೊಂಡು ಹೋಗಿ ಅವರ ಗಾಯಗಳನ್ನು ತೊಳೆದ. ಕೋಳ ಹಾಕಿದ ಕೈಯೇ ಬಾಸುಂಡೆ ತೊಳೆಯಿತು. ಆಮೇಲೆ ಅವನಿಗೂ ಮನೆಯವರಿಗೂ ದೀಕ್ಷಾಸ್ನಾನವಾಯಿತು. ಆಮೇಲೆ ಅವರನ್ನು ಮನೆಯೊಳಗೆ ಕೂರಿಸಿ ಊಟ ಬಡಿಸಿದ. ಆಮೇಲೆ, ಮನೆಯವರೆಲ್ಲರ ಜೊತೆಗೆ ಸಂತೋಷಪಟ್ಟ ಎಂದು ಬರೆದಿದೆ.

ಈ ಕ್ರಮವನ್ನು ಗಮನಿಸಿ. ಅವನು ಮೊದಲು ಸಂತೋಷಪಟ್ಟು, ಆ ಹುಮ್ಮಸ್ಸಿನಲ್ಲಿ ಗಾಯ ತೊಳೆದವನಲ್ಲ. ಗಾಯ ತೊಳೆದ, ಕ್ಷಮೆ ಪಡೆದ, ಅನ್ನ ಬಡಿಸಿದ. ಸಂತೋಷ ಕೊನೆಗೆ, ಊಟದ ಹೊತ್ತಿಗೆ ಬಂತು. ಯಾರೂ ಅದನ್ನು ಕರೆಯಲು ಹೋಗಿರಲಿಲ್ಲ.

ಕೆಲವು ವರ್ಷಗಳಾದ ಮೇಲೆ ಆ ಸಭೆಗೇ ಪೌಲ ಈ ಪತ್ರ ಬರೆದದ್ದು. ಆ ಕಾಲದ ಸೆರೆಮನೆಗಳಲ್ಲಿ ಕೈದಿಯ ಊಟ, ಬಟ್ಟೆ ಹೆಚ್ಚಾಗಿ ನೆಂಟರು ಮತ್ತು ಗೆಳೆಯರ ಪಾಲಿಗೇ ಬರುತ್ತಿತ್ತು. ಹೊರಗಿನಿಂದ ಯಾರೂ ಬರದಿದ್ದರೆ ಕೈದಿ ಹಸಿದಿರಬೇಕಾಗುತ್ತಿತ್ತು. ಫಿಲಿಪ್ಪಿಯವರು ತಮ್ಮಲ್ಲಿ ಸೇರಿಸಿದ್ದನ್ನು ಎಪಫ್ರೊದೀತ ಎಂಬವನ ಕೈಯಲ್ಲಿ ಕಳಿಸಿದರು. ಅವನು ಕಾಯಿಲೆ ಬಿದ್ದು ಸಾಯುವ ಸ್ಥಿತಿಗೆ ಹೋದ. ಆಮೇಲೆ ಬದುಕಿಕೊಂಡ. ಅವನ ವಿಷಯದಲ್ಲಿ ಪೌಲ ಏನು ಹೇಳುತ್ತಾನೆ ಗೊತ್ತೇ? ದೇವರು ಅವನನ್ನು ಉಳಿಸಿ ನನ್ನನ್ನೂ ಕರುಣಿಸಿದ, ಇಲ್ಲದಿದ್ದರೆ ನನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಅನ್ನುತ್ತಾನೆ. ಸಂತೋಷದ ಪತ್ರದಲ್ಲೇ ಈ ಮಾತಿದೆ. ಎಪಫ್ರೊದೀತ ತೀರಿಹೋಗಿದ್ದರೆ ಅಪೊಸ್ತಲನೂ ಅಳುತ್ತಿದ್ದ. ಈ ವಚನವನ್ನು ಆ ಹಿರಿಯರಿಗೆ ಸಮಯ ನೋಡಿ ತೋರಿಸಿ, ಜಗಳಕ್ಕಲ್ಲ, ಮುಂದೆ ಇನ್ನೊಬ್ಬರ ಮನೆಯಲ್ಲಿ ಅದೇ ಮಾತು ಹೇಳದಿರಲಿ ಎಂದು.

ಸಹೋದರಿ, ಸಭೆಯವರು ಮನೆಗೆ ಊಟ ತಂದುಕೊಟ್ಟರು ಎಂದು ನೀವು ಒಂದು ಸಾಲು ಬರೆದು ಮುಂದಕ್ಕೆ ಹೋಗಿದ್ದೀರಿ. ನಾನು ಆ ಸಾಲಿನಲ್ಲೇ ನಿಂತುಬಿಟ್ಟೆ. ಸಾವಾದ ಮನೆಯಲ್ಲಿ ಒಲೆ ಹಚ್ಚಲು ಯಾರಿಗೂ ಕೈ ಬರುವುದಿಲ್ಲ. ಆಗ ಯಾರೋ ಬುತ್ತಿ ಕಟ್ಟಿಕೊಂಡು ಬರುತ್ತಾರೆ. ರೊಟ್ಟಿ, ಪಲ್ಯ, ಅನ್ನ, ಸಾರು. ಮಾತು ಜಾಸ್ತಿ ಆಡುವುದಿಲ್ಲ. ಅಮ್ಮನ ಪಕ್ಕ ಕೂತು ಒಂದು ತುತ್ತಾದರೂ ತಿನ್ನಿಸಿ, ಪಾತ್ರೆ ತೊಳೆದಿಟ್ಟು ಹೋಗುತ್ತಾರೆ. ಇದು ಎಪಫ್ರೊದೀತನ ಕೆಲಸ. ನೀವು ಆರಾಧನೆಯಲ್ಲಿ ಕೂತು ನಿಮ್ಮ ಎದೆಯೊಳಗೆ ಸಂತೋಷ ಇದೆಯೋ ಇಲ್ಲವೋ ಎಂದು ಹುಡುಕುತ್ತಿದ್ದೀರಿ. ಅದು ಆಗಲೇ ನಿಮ್ಮ ಮನೆಗೆ ಬುತ್ತಿಯಲ್ಲಿ ಬಂದಿತ್ತು. ಅಳುತ್ತಲೇ ತಿಂದಿರಿ. ಅಳುತ್ತಾ ತಿಂದರೂ ಅದು ಅದೇ ಸಂತೋಷ.

ಇದೇ ಪತ್ರದ 4ನೇ ಅಧ್ಯಾಯಕ್ಕೆ ಬನ್ನಿ. ಯಾವಾಗಲೂ ಕರ್ತನಲ್ಲಿ ಸಂತೋಷಪಡಿ ಎನ್ನುವ ಪ್ರಸಿದ್ಧ ವಚನ ಇರುವುದು ಅಲ್ಲೇ, ನಾಲ್ಕನೆಯದು. ಅದರ ಹಿಂದಿನ ಎರಡು ವಚನಗಳನ್ನು ಯಾರೂ ಕ್ಯಾಲೆಂಡರಿನಲ್ಲಿ ಹಾಕಿಸುವುದಿಲ್ಲ. ಅಲ್ಲಿ ಯುವೊದ್ಯ ಮತ್ತು ಸಂತುಕೆ ಎಂಬ ಇಬ್ಬರು ಹೆಂಗಸರಿದ್ದಾರೆ. ಇಬ್ಬರೂ ಪೌಲನ ಜೊತೆ ಸುವಾರ್ತೆಗಾಗಿ ಕಷ್ಟಪಟ್ಟು ದುಡಿದವರು. ಈಗ ಅವರ ನಡುವೆ ಮನಸ್ತಾಪ. ಯಾಕೆಂದು ಬರೆದಿಲ್ಲ. ಅವರಿಬ್ಬರೂ ಒಂದೇ ಮನಸ್ಸಿಗೆ ಬರಲಿ, ಸಭೆಯಲ್ಲಿ ಇನ್ನೊಬ್ಬರು ಅವರಿಗೆ ಸಹಾಯ ಮಾಡಲಿ ಎಂದು ಪೌಲ ಬೇಡಿಕೊಳ್ಳುತ್ತಾನೆ. ಪತ್ರವನ್ನು ಇಡೀ ಸಭೆಯ ಮುಂದೆ ಗಟ್ಟಿಯಾಗಿ ಓದುತ್ತಿದ್ದ ಕಾಲ ಅದು. ಅವರಿಬ್ಬರೂ ಅಲ್ಲೇ ಕೂತು ತಮ್ಮ ಹೆಸರು ಕೇಳಿರಬೇಕು. ಅದಾದ ಕೂಡಲೇ ಬರುವ ಮಾತು, ಸಂತೋಷಪಡಿ.

ಯೇಸುಸ್ವಾಮಿಯೂ ಹೀಗೆಯೇ ಮಾಡಿದರು. ತಮ್ಮನ್ನು ಹಿಡಿದುಕೊಡುವ ರಾತ್ರಿ, ತಮ್ಮ ಸಂತೋಷ ಶಿಷ್ಯರಲ್ಲಿ ಇರಬೇಕು, ಅದು ತುಂಬಬೇಕು ಎಂದು ಹೇಳಿದರು. ಅದು ಯೋಹಾನ 15ನೇ ಅಧ್ಯಾಯದ 11ನೇ ವಚನ. 12ನೆಯದರಲ್ಲಿ ಒಬ್ಬರನ್ನೊಬ್ಬರು ಪ್ರೀತಿಸಿರಿ ಎಂಬ ಆಜ್ಞೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಾರೆ. ನಾವು 11ನ್ನು ಇಟ್ಟುಕೊಂಡು 12ನ್ನು ಬಿಟ್ಟುಬಿಟ್ಟಿದ್ದೇವೆ. ಆದ್ದರಿಂದಲೇ ಸಭೆಯ ಆಡಳಿತ ನೋಡುವ ಪಾಸ್ಟೋರೇಟ್ ಕಮಿಟಿಯ ಚುನಾವಣೆ ಮುಗಿದು ವರ್ಷಗಳಾದರೂ ಎರಡು ಮನೆಯವರು ಒಂದೇ ಬೆಂಚಿನಲ್ಲಿ ಕೂರುವುದಿಲ್ಲ, ಆದರೂ ಇಬ್ಬರೂ ಸಂತೋಷದ ಹಾಡು ಹಾಡುತ್ತಾರೆ. ಸಭಾಪಾಲಕನಾಗಿ ನನಗೆ ಅತಿ ಜಾಸ್ತಿ ನೋವು ಕೊಟ್ಟದ್ದು ಇದು. ಹಾಗೆಯೇ ಅತಿ ಜಾಸ್ತಿ ಸಂತೋಷ ಕೊಟ್ಟದ್ದೂ ಇದರದ್ದೇ ಇನ್ನೊಂದು ಮುಖ. ಹಾಗೆ ಮುಖ ತಿರುಗಿಸಿಕೊಂಡವರು ಮಾತಾಡಿಕೊಂಡು ಬಂದು, ರೊಟ್ಟಿ ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಅಕ್ಕಪಕ್ಕ ಮೊಣಕಾಲೂರಿದ್ದನ್ನು ನೋಡಿದ್ದೇನೆ. ಆ ದಿನ ಇಡೀ ದೇವಾಲಯದ ಗಾಳಿಯೇ ಬೇರೆಯಾಗಿತ್ತು.

ಇನ್ನೊಂದು ವಚನದ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಅದೂ ಇದೇ ಅಧ್ಯಾಯದ್ದು, ಅದರಿಂದಲೂ ಜನ ಸುಮ್ನೆ ನೊಂದುಕೊಳ್ಳುತ್ತಾರೆ. ನನ್ನನ್ನು ಬಲಪಡಿಸುವಾತನಿಂದ ನಾನು ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬ ಮಾತು. ಪರೀಕ್ಷೆಗೆ, ಇಂಟರ್‌ವ್ಯೂಗೆ ಹೋಗುವ ಮಕ್ಕಳಿಗೆ ಅದನ್ನು ಬರೆದುಕೊಡುತ್ತೇವೆ. ಸೋತರೆ ಮಗು ತನ್ನ ನಂಬಿಕೆಯನ್ನೇ ಅನುಮಾನಿಸುತ್ತದೆ. ಪೌಲ ಹೇಳುತ್ತಿರುವುದು ಗೆಲ್ಲುವ ವಿಷಯವನ್ನಲ್ಲ. ಹಿಂದಿನ ವಚನ ಓದಿ: ಹೊಟ್ಟೆ ತುಂಬಿದಾಗಲೂ ಹಸಿದಾಗಲೂ, ಇದ್ದಾಗಲೂ ಇಲ್ಲದಾಗಲೂ ತೃಪ್ತಿಯಿಂದ ಇರುವುದನ್ನು ಕಲಿತಿದ್ದೇನೆ ಅನ್ನುತ್ತಾನೆ. ಕಲಿತಿದ್ದೇನೆ ಅಂದಿದ್ದಾನೆ. ಅಂದರೆ ಅವನಿಗೂ ಅದು ಒಂದೇ ದಿನದಲ್ಲಿ ಬರಲಿಲ್ಲ. ನಿಮಗೂ ಟೈಮ್ ಬೇಕು, ತೆಗೆದುಕೊಳ್ಳಿ.

ಇಷ್ಟು ಹೇಳಿದ ಮೇಲೆ ಇನ್ನೂ ಒಂದು ಮಾತು ಉಳಿದಿದೆ, ಅದೇ ಮುಖ್ಯ. ನಿಮ್ಮ ಪತ್ರದಲ್ಲಿ ನೀವು ಮಾಡುವುದರ ಪಟ್ಟಿ ಇದೆ: ಆರಾಧನೆ, ದಶಮಾಂಶ, ದಿನದ ಓದು. ಎಲ್ಲ ಒಳ್ಳೆಯದೇ. ಆದರೆ ಅದನ್ನು ಓದುವಾಗ ನನಗೆ ಲೂಕನ ಸುವಾರ್ತೆಯ 15ನೇ ಅಧ್ಯಾಯದ ದೊಡ್ಡ ಮಗ ನೆನಪಾದ. ಬೇಸರ ಮಾಡಿಕೊಳ್ಳಬೇಡಿ. ಅವನ ಮೇಲೆ ನನಗೆ ಯಾವಾಗಲೂ ಕನಿಕರ.

ಆ ಕಥೆ ಹುಟ್ಟಿದ್ದೇ ಊಟದ ವಿಷಯಕ್ಕೆ. ಯೇಸುಸ್ವಾಮಿ ಪಾಪಿಗಳ ಜೊತೆ ಕೂತು ಊಟ ಮಾಡುತ್ತಾರೆ ಎಂದು ಧರ್ಮನಿಯಮದಲ್ಲಿ ಕಟ್ಟುನಿಟ್ಟಾಗಿದ್ದ ಫರಿಸಾಯರು ಗೊಣಗಿದರು. ಅದಕ್ಕೆ ಉತ್ತರವಾಗಿ ಮೂರು ಕಥೆ ಹೇಳಿದರು. ಕಳೆದುಹೋದ ಕುರಿ, ಕಳೆದುಹೋದ ನಾಣ್ಯ, ಕಳೆದುಹೋದ ಮಗ. ಮೂರರಲ್ಲೂ ಸಿಕ್ಕ ಕೂಡಲೇ ಸಂತೋಷ, ನಾಲ್ಕು ಜನರನ್ನು ಕರೆದು ಸಂಭ್ರಮ. ಕ್ರೈಸ್ತ ನಂಬಿಕೆಯಲ್ಲಿ ಮೊದಲು ಸಂತೋಷಪಡುವವರು ನಾವಲ್ಲ, ದೇವರು. ನಮ್ಮನ್ನು ಕಂಡುಕೊಂಡದ್ದಕ್ಕೆ ಅವರಿಗೆ ಸಂತೋಷ. ನಮ್ಮ ಸಂತೋಷ ಅದರಿಂದ ಸಿಕ್ಕ ಪಾಲು.

ದೊಡ್ಡ ಮಗ ಹೊಲದಿಂದ ಬಂದ. ಒಳಗೆ ವಾದ್ಯ, ಕುಣಿತ. ಅವನು ಹೊರಗೇ ನಿಂತ. ಇಷ್ಟು ವರ್ಷ ನಿನಗೆ ದುಡಿದಿದ್ದೇನೆ, ಒಂದು ಮಾತೂ ಮೀರಿಲ್ಲ, ಒಂದು ಆಡುಮರಿಯನ್ನಾದರೂ ಕೊಟ್ಟೆಯಾ ಎಂದು ಅಪ್ಪನನ್ನು ಕೇಳಿದ. ಅವನು ಸುಳ್ಳು ಹೇಳಲಿಲ್ಲ. ನಿಜವಾಗಿಯೂ ದುಡಿದಿದ್ದ. ಆದರೆ ಮಗನಾಗಿ ಇರಬೇಕಾದ ಮನೆಯಲ್ಲಿ ಆಳಿನ ಹಾಗೆ ಲೆಕ್ಕ ಇಟ್ಟುಕೊಂಡು ಬದುಕಿದ್ದ. ಆ ತಂದೆ ಏನು ಮಾಡಿದ ನೋಡಿ. ಕಿರಿಯ ಮಗನಿಗಾಗಿ ದಾರಿಗೆ ಓಡಿದ್ದವನು ಈ ಹಿರಿಯ ಮಗನಿಗಾಗಿಯೂ ಹಬ್ಬ ಬಿಟ್ಟು ಹೊರಗೆ ಬಂದ. ನೀನು ಯಾವಾಗಲೂ ನನ್ನ ಜೊತೆ ಇದ್ದೀ, ನನ್ನದೆಲ್ಲಾ ನಿನ್ನದೇ ಎಂದ.

ದಶಮಾಂಶ ಕೊಟ್ಟೆ, ಆರಾಧನೆ ತಪ್ಪಿಸಲಿಲ್ಲ, ಆದರೂ ಅಪ್ಪ ಹೋದರು, ಆದರೂ ಸಂತೋಷ ಸಿಗಲಿಲ್ಲ ಎಂಬ ನೋವು ಎಲ್ಲೋ ಒಳಗೆ ಇದೆಯೇ ಎಂದು ನೋಡಿಕೊಳ್ಳಿ. ಇದ್ದರೆ ಅದನ್ನು ಹಾಗೆಯೇ ದೇವರಿಗೆ ಹೇಳಿ. ದೊಡ್ಡ ಮಗ ಹೇಳಿದ ಹಾಗೆ ಕೋಪದಲ್ಲೇ ಹೇಳಿ. ತಂದೆ ಅವನನ್ನು ಬೈಯಲಿಲ್ಲ. ನೀವು ದೇವರಿಗೆ ಮಗಳು. ಏನೂ ಅನಿಸದ ಭಾನುವಾರವೂ ಮಗಳೇ. ಇದನ್ನು ನಾವು ಕೃಪೆ ಅನ್ನುತ್ತೇವೆ. ಪ್ರಸಂಗದಲ್ಲಿ ಕೇಳಿ ಕೇಳಿ ನಮಗೆ ಅದು ಸಾಮಾನ್ಯವಾಗಿಬಿಟ್ಟಿದೆ. ಆದರೆ ಸಂಬಳದ ಹಾಗೆ ಗಳಿಸಬೇಕಾಗಿಲ್ಲದ ಪ್ರೀತಿಯೊಂದು ನಮ್ಮ ಬೆನ್ನಿಗಿದೆ ಎಂದು ಮನಸ್ಸಿಗೆ ಇಳಿದ ದಿನ ಮನುಷ್ಯ ಹಗುರಾಗುತ್ತಾನೆ. ನಾನು ಕಂಡ ಕ್ರೈಸ್ತ ಸಂತೋಷಗಳಲ್ಲಿ ಇದಕ್ಕಿಂತ ಆಳವಾದದ್ದು ಇಲ್ಲ.

ಗೆಳತಿಯ ಪ್ರಶ್ನೆಗೆ ಬರೋಣ. ಕ್ರೈಸ್ತರಾಗದೆಯೂ ಒಳ್ಳೆಯವರಾಗಿ ಬದುಕಬಹುದಲ್ವಾ? ಹೌದು, ಬದುಕಬಹುದು. ಅಂಥವರು ನಮ್ಮ ಸುತ್ತ ಎಷ್ಟೋ ಜನ ಇದ್ದಾರೆ. ಇದನ್ನು ಒಪ್ಪಿಕೊಂಡರೆ ನಮ್ಮ ನಂಬಿಕೆಗೆ ಯಾವ ನಷ್ಟವೂ ಇಲ್ಲ. ಸುವಾರ್ತೆ ಒಳ್ಳೆಯವರಿಗೆ ಕೊಡುವ ಬಹುಮಾನ ಆಗಿದ್ದರೆ ಈ ಪ್ರಶ್ನೆಗೆ ನಾವು ಹೆದರಬೇಕಿತ್ತು. ಯೇಸುಸ್ವಾಮಿಯ ಪಕ್ಕದಲ್ಲಿ ಶಿಲುಬೆಗೆ ಏರಿದ ಕಳ್ಳನಿಗೆ ಒಳ್ಳೆಯವನಾಗಲು ಟೈಮೇ ಇರಲಿಲ್ಲ. ಅವನಿಗೂ ಆ ದಿನವೇ ಪರದೈಸಿನ, ಅಂದರೆ ಸ್ವರ್ಗದ, ಮಾತು ಸಿಕ್ಕಿತು.

ಹಾಗಾದರೆ ಕ್ರೈಸ್ತ ಬದುಕಿನ ಅರ್ಥ ಏನು? ಬಿಟ್ಟಿಯಾಗಿ ಸಿಕ್ಕ ಪ್ರೀತಿಯನ್ನು ಎಲ್ಲಿ ಖರ್ಚು ಮಾಡುತ್ತೇವೆ ಎಂಬುದರಲ್ಲಿ ಅರ್ಥ ಇದೆ. ಪ್ರೊಟೆಸ್ಟಂಟ್ ಸುಧಾರಣೆ ಶುರು ಮಾಡಿದ ಜರ್ಮನಿಯ ಮಾರ್ಟಿನ್ ಲೂಥರ್ 1522ರಲ್ಲಿ ಮದುವೆಯ ಬದುಕಿನ ಬಗ್ಗೆ ಬರೆಯುತ್ತಾ ಒಂದು ಮಾತು ಹೇಳಿದರು. ಒಬ್ಬ ತಂದೆ ಮಗುವಿನ ಹೊಲಸು ಬಟ್ಟೆ ಒಗೆಯುತ್ತಾನೆ. ಇದೇನು ಗಂಡಸಿನ ಕೆಲಸವೇ ಎಂದು ಊರವರು ನಗುತ್ತಾರೆ. ಆದರೆ ಅವನು ಅದನ್ನು ನಂಬಿಕೆಯಿಂದ ಮಾಡುತ್ತಿದ್ದರೆ ದೇವರು ತನ್ನ ಎಲ್ಲಾ ದೂತರ ಜೊತೆ ಅವನನ್ನು ನೋಡಿ ಮೆಚ್ಚಿ ನಗುತ್ತಾನೆ. ಅಲ್ಲಿಯವರೆಗೆ ದೇವರ ಸೇವೆ ಎಂದರೆ ಮಠಕ್ಕೆ ಸೇರಿದವರ ಕೆಲಸ ಎಂದುಕೊಂಡಿದ್ದ ಜನರಿಗೆ ಇದು ದೊಡ್ಡ ಬಿಡುಗಡೆಯಾಗಿತ್ತು. ನಿಮ್ಮ ಬ್ಯಾಂಕ್ ಕೌಂಟರಿಗೂ ಇದೇ ಮಾತು. ಪೆನ್ಷನ್ ಬರುವ ದಿನ ಹಣ ತೆಗೆಯುವ ಸ್ಲಿಪ್ ತುಂಬಲು ಬಾರದ ಅಜ್ಜಿಯೊಬ್ಬರು ನಿಮ್ಮ ಮುಂದೆ ನಿಂತಿರುತ್ತಾರೆ. ಹಿಂದೆ ಉದ್ದ ಸಾಲು. ಅವರ ಪಾಸ್‌ಬುಕ್ ತೆಗೆದುಕೊಂಡು, ಸಿಡುಕದೆ, ಹೆಬ್ಬೆಟ್ಟು ಎಲ್ಲಿ ಒತ್ತಬೇಕೆಂದು ತೋರಿಸಿ, ದುಡ್ಡನ್ನು ಅವರೆದುರೇ ಎರಡು ಸಲ ಎಣಿಸಿ ಕೊಡುತ್ತೀರಲ್ಲ, ಅದು ಆರಾಧನೆಯ ಮುಂದುವರಿದ ಭಾಗ.

ನಮ್ಮ ನೆಲದಲ್ಲೂ ಇಂಥ ಬದುಕುಗಳಿಗೆ ಕೊರತೆ ಇಲ್ಲ. ಅಗಸ್ಟಸ್ ಮುಲ್ಲರ್ ಎಂಬ ಜರ್ಮನ್ ಜೆಸ್ವಿಟ್ ಪಾದ್ರಿ ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧಿ ಕೊಡಲು ಶುರು ಮಾಡಿದರು. ಮುಂದೆ ಕುಷ್ಠರೋಗಿಗಳಿಗೆ ಒಂದು ಆಶ್ರಯ ಕಟ್ಟಿದರು. ಮನೆಯವರೇ ಹೊರಗೆ ಹಾಕುತ್ತಿದ್ದ ರೋಗ ಅದು. ಇವತ್ತು ಅಲ್ಲಿ ದೊಡ್ಡ ಆಸ್ಪತ್ರೆ, ಮೆಡಿಕಲ್ ಕಾಲೇಜು ಇದೆ. ಶುರುವಾದದ್ದು ಮಾತ್ರ ಯಾರೂ ಮುಟ್ಟದವರನ್ನು ಮುಟ್ಟಿದ ಕೈಗಳಿಂದ.

ನಿಮ್ಮ ಹುಬ್ಬಳ್ಳಿ ಕಡೆಯ ಎಷ್ಟೋ ಸಭೆಗಳ ಬೇರು ಸ್ವಿಟ್ಜರ್ಲೆಂಡಿನಿಂದ ಬಂದ ಬಾಸೆಲ್ ಮಿಷನ್‌ನಲ್ಲಿದೆ. ಅವರು ಮಂಗಳೂರಿಗೆ ಬಂದದ್ದು 1834ರಲ್ಲಿ. ನಮ್ಮ ಹಿರಿಯರಲ್ಲಿ ಮೊದಮೊದಲು ದೀಕ್ಷಾಸ್ನಾನ ಪಡೆದ ಎಷ್ಟೋ ಜನರಿಗೆ ಮನೆ ಬಾಗಿಲು ಮುಚ್ಚಿತು, ಕಸುಬು ಹೋಯಿತು. ಅವರಿಗೆ ಅನ್ನದ ದಾರಿಯಾಗಲೆಂದು ನೇಯ್ಗೆಯ ಕೆಲಸ ಶುರುವಾಯಿತು, 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಬಂತು. ಇದರ ಬಗ್ಗೆ ಒಳ್ಳೆಯದು ಕೆಟ್ಟದ್ದು ಎರಡನ್ನೂ ಇತಿಹಾಸಕಾರರು ಬರೆದಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಒಂದೇ. ಸ್ವಂತ ಮನೆ ಕಳೆದುಕೊಂಡವರು ಪ್ರಭುವಿನ ಹೆಸರಿನಲ್ಲಿ ಇನ್ನೊಂದು ಮನೆ ಕಂಡುಕೊಂಡರು. ಆ ಮನೆಯೇ ನಿಮ್ಮ ಅಪ್ಪ ತೀರಿಕೊಂಡಾಗ ಬುತ್ತಿ ಕಟ್ಟಿಕೊಂಡು ಬಂದದ್ದು.

ಅಪ್ಪನ ಬಗ್ಗೆ ಇನ್ನೊಂದು ಮಾತು. ಪೌಲ ಕೊರಿಂಥದವರಿಗೆ ನೇರವಾಗಿ ಬರೆದಿದ್ದಾನೆ: ಕ್ರಿಸ್ತನು ಎದ್ದು ಬರದಿದ್ದರೆ ನಮ್ಮ ನಂಬಿಕೆ ವ್ಯರ್ಥ. ಸತ್ತವರ ಪುನರುತ್ಥಾನ ನಿಜ ಎಂದು ನಾನು ಪೂರ್ತಿ ಮನಸ್ಸಿನಿಂದ ನಂಬುತ್ತೇನೆ. ನಿಮ್ಮ ಅಪ್ಪನನ್ನು ಮಣ್ಣು ಮಾಡುವಾಗ ಸಭಾಪಾಲಕರಾದ ಅಯ್ಯನವರು ಓದಿದ್ದು ಬರೀ ಸಮಾಧಾನದ ಮಾತಲ್ಲ, ಸಭೆ ತನ್ನ ಇಡೀ ಬದುಕನ್ನು ಅದರ ಮೇಲೆಯೇ ಇಟ್ಟಿದೆ. ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಎಂದು ಪೌಲ ಥೆಸಲೋನಿಕದವರಿಗೆ ಹೇಳಿದ. ದುಃಖವೇ ಬೇಡ ಅನ್ನಲಿಲ್ಲ. ಕಣ್ಣೀರೂ ನಿರೀಕ್ಷೆಯೂ ಒಂದೇ ಸಮಾಧಿಯ ಮುಂದೆ ನಿಲ್ಲಬಹುದು. ಈಸ್ಟರ್ ದಿನ ನಸುಕಿನ ಆರಾಧನೆಗೆ ಹೋದವರಿಗೆ ಇದು ಗೊತ್ತು. ಕತ್ತಲೆ ಇರುವಾಗಲೇ ಹಾಡು ಶುರುವಾಗುತ್ತದೆ.

ಈಗ ಮಾಡಬೇಕಾದದ್ದು. ಜಾಸ್ತಿ ಇಲ್ಲ.

ಕೆಲವು ತಿಂಗಳು ನಿಮ್ಮ ಮನಸ್ಸನ್ನು ಪರೀಕ್ಷೆ ಮಾಡುವುದನ್ನು ಬಿಡಿ. ಆರಾಧನೆ ಮುಗಿದ ಮೇಲೆ ಏನಾದರೂ ಅನಿಸಿತೇ ಎಂದು ಕೇಳಿಕೊಳ್ಳಬೇಡಿ. ನಿಮಗೆ ಹಾಡಲು ಆಗದಿದ್ದರೆ ಪಕ್ಕದವರು ಹಾಡಲಿ, ಅಷ್ಟು ದಿನ ಅವರ ನಂಬಿಕೆಯ ಮೇಲೆ ಒರಗಿಕೊಳ್ಳಿ. ಸಭೆ ಇರುವುದೇ ಅದಕ್ಕೆ. ಕರ್ತನ ಭೋಜನವನ್ನು ಮಾತ್ರ ತಪ್ಪಿಸಬೇಡಿ. ಅಲ್ಲಿ ನೀವು ಏನೂ ತರಬೇಕಾಗಿಲ್ಲ, ಖಾಲಿ ಕೈ ಚಾಚಿದರೆ ಸಾಕು.

ದಿನದ ಓದಿಗೆ ಬೇರೆ ಬೇರೆ ಕಡೆಯಿಂದ ವಚನ ಆರಿಸುವುದರ ಬದಲು ಫಿಲಿಪ್ಪಿ ಪತ್ರವನ್ನು ಒಂದೇ ಸಲ ಕೂತು, ಗಟ್ಟಿಯಾಗಿ, ಮೊದಲಿಂದ ಕೊನೆವರೆಗೆ ಓದಿ. ಅರ್ಧ ಗಂಟೆಯೂ ಹಿಡಿಯುವುದಿಲ್ಲ. ಅದರಲ್ಲಿ ಎಷ್ಟು ಜನರ ಹೆಸರು, ಎಷ್ಟು ನೆನಪು, ಎಷ್ಟು ಚಿಂತೆ ಇದೆ ಎಂದು ಗಮನಿಸಿ. ಒಂದು ಭಾನುವಾರ ಮಧ್ಯಾಹ್ನ 88ನೇ ಕೀರ್ತನೆಯನ್ನೂ ಹಾಗೆಯೇ ಓದಿ, ಅಪ್ಪನ ಫೋಟೋ ಎದುರಿಗಿದ್ದರೂ ಪರವಾಗಿಲ್ಲ.

ಕೃತಜ್ಞತೆಯನ್ನು ಮಾತಿಗಿಂತ ಕೈಯಿಂದ ಮಾಡುವುದು ಸುಲಭ. ನಮ್ಮ ಹಿರಿಯರು ಇದನ್ನು ಚೆನ್ನಾಗಿ ತಿಳಿದಿದ್ದರು. ಬೆಳೆ ಹಬ್ಬದ ದಿನ ನೀವೇ ನೋಡಿರುತ್ತೀರಿ, ಜೋಳ, ಶೇಂಗಾ, ಕುಂಬಳಕಾಯಿ, ತೆಂಗಿನಕಾಯಿ, ಕಾಲು ಕಟ್ಟಿದ ಕೋಳಿ, ಎಲ್ಲ ದೇವರ ಮುಂದೆ ಬರುತ್ತವೆ. ಆಮೇಲೆ ಹರಾಜು. ಒಬ್ಬರು ಒಂದು ತೆಂಗಿನಕಾಯಿಯನ್ನು ಅಂಗಡಿ ಬೆಲೆಯ ಹತ್ತು ಪಾಲು ಕೊಟ್ಟು ಕೂಗಿ ತೆಗೆದುಕೊಳ್ಳುತ್ತಾರೆ, ಮತ್ತೆ ಅದನ್ನೇ ಹರಾಜಿಗೆ ವಾಪಸ್ ಕೊಡುತ್ತಾರೆ. ಆ ಹೊತ್ತಿನ ನಗು, ಗದ್ದಲ ನನಗೆ ತುಂಬಾ ಇಷ್ಟ. ಮಂಗಳೂರಿನ ಕಥೋಲಿಕರು ಸೆಪ್ಟೆಂಬರ್ 8ಕ್ಕೆ ಮೊಂತಿ ಫೆಸ್ತ್ ಮಾಡುತ್ತಾರೆ. ಮಕ್ಕಳು ಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ, ಇಗರ್ಜಿಯಲ್ಲಿ ಆಶೀರ್ವಾದವಾದ ಹೊಸ ಭತ್ತದ ತೆನೆ ಪ್ರತಿ ಮನೆಗೂ ಹೋಗುತ್ತದೆ, ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಬೆರೆಸಿ ಮನೆಯವರೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ಊರಿಗೆ ಬರಲಾಗದೆ ಹೊರದೇಶದಲ್ಲಿರುವ ಮಕ್ಕಳಿಗೆ ಆ ಕಾಳನ್ನು ಲಕೋಟೆಯಲ್ಲಿ ಕಳಿಸುವ ಮನೆಗಳೂ ಇವೆ. ಪಂಗಡ ಬೇರೆಯಾದರೂ ಇದರಲ್ಲಿ ನಾವು ಅವರಿಂದ ಕಲಿಯಬೇಕು.

ನೀವೂ ಒಂದು ಬುತ್ತಿ ಕಟ್ಟಿ. ಬೆಂಗಳೂರಿನ ನಿಮ್ಮ ಸಭೆಯಲ್ಲಿ ಈ ವರ್ಷ ಯಾರ ಮನೆಯಲ್ಲಿ ಸಾವಾಗಿದೆ, ಯಾರು ಆಸ್ಪತ್ರೆಯಲ್ಲಿದ್ದಾರೆ ಎಂದು ಅಯ್ಯನವರನ್ನು ಕೇಳಿ. ತಿಂಗಳಿಗೆ ಒಂದು ಮನೆ ಸಾಕು. ಬುದ್ಧಿಮಾತು ಹೇಳಬೇಡಿ, ವಚನ ಹೇಳಲೇಬೇಕೆಂದೂ ಇಲ್ಲ. ಅನ್ನ ಸಾರು ಕೊಟ್ಟು, ಹತ್ತು ನಿಮಿಷ ಕೂತು ಬನ್ನಿ. ದುಃಖ ಅಂದರೇನೆಂದು ಗೊತ್ತಿರುವ ನೀವು 'ನಂಬಿಕೆ ಕಡಿಮೆ' ಎಂದು ಯಾರಿಗೂ ಹೇಳುವುದಿಲ್ಲ. ಅಂಥವರೇ ಆ ಮನೆಗಳಿಗೆ ಬೇಕಾಗಿರುವುದು. ಸಾಧ್ಯವಾದರೆ ಆ ಗೆಳತಿಯನ್ನೂ ಒಮ್ಮೆ ಕರೆದುಕೊಂಡು ಹೋಗಿ. ಅವಳ ಪ್ರಶ್ನೆಗೆ ನಾನು ಇಲ್ಲಿ ಬರೆದದ್ದಕ್ಕಿಂತ ಒಳ್ಳೆಯ ಉತ್ತರ ಅವಳಿಗೆ ಅಲ್ಲಿ ಸಿಗಬಹುದು.

ಕೊನೆಯದಾಗಿ, ಇದನ್ನು ತಳ್ಳಿಹಾಕಬೇಡಿ. ನಿದ್ದೆ ಸರಿಯಾಗಿ ಬರುತ್ತಿಲ್ಲ, ಊಟ ಸೇರುತ್ತಿಲ್ಲ, ಆರಾಧನೆಯಲ್ಲಿ ಮಾತ್ರವಲ್ಲದೆ ಯಾವುದರಲ್ಲೂ ಏನೂ ಅನಿಸುತ್ತಿಲ್ಲ, ಬದುಕೇ ಬೇಡ ಎನ್ನುವ ಯೋಚನೆ ಬರುತ್ತದೆ ಎಂದಾದರೆ ಮನೋವೈದ್ಯರನ್ನು ಕಾಣಿ. ನೀವಿರುವ ಬೆಂಗಳೂರಿನಲ್ಲೇ ನಿಮ್ಹಾನ್ಸ್ ಇದೆ. ಜ್ವರ ಬಂದಾಗ ಮಾತ್ರೆ ತೆಗೆದುಕೊಂಡು ಪ್ರಾರ್ಥನೆಯನ್ನೂ ಮಾಡುತ್ತೇವೆ, ಇದಕ್ಕೂ ಹಾಗೆಯೇ. ಸುವಾರ್ತೆ ಬರೆದ ಲೂಕನೂ ವೈದ್ಯನೇ ಆಗಿದ್ದ ಎಂದು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿದೆ, ಪೌಲ ಅವನನ್ನು ಪ್ರಿಯ ವೈದ್ಯ ಎಂದೇ ಕರೆಯುತ್ತಾನೆ. ಡಾಕ್ಟರ ಹತ್ತಿರ ಒಬ್ಬರೇ ಹೋಗಲು ಅಂಜಿಕೆಯಾದರೆ ಊರಿನಲ್ಲಿ ಊಟ ತಂದುಕೊಟ್ಟವರಲ್ಲಿ ಒಬ್ಬರಿಗೆ ಫೋನ್ ಮಾಡಿ ಹೇಳಿ. ಬರುತ್ತಾರೆ.